ಸೇತುವೆಯ ಮೇಲೆ ನಿಂತ ಬಸ್ಸು

ಅಹಮದಾಬಾದು
12-2-1966

ಪ್ರೀತಿಯ ಜಯಕ್ಕನಿಗೆ,

ನಿನ್ನ ತಮ್ಮ ಜನಾರ್ದನನ ನಮಸ್ಕಾರ. ನಿನ್ನ ಮೂರು ಕಾಗದಗಳೂ ಬಂದಿವೆ. ಪುರುಸೊತ್ತಿಲ್ಲದೆ ಸುಮ್ಮನಿದ್ದೆ ಎಂದರೆ ಸುಳ್ಳಾಗುತ್ತದೆ. ಏನು ಬರೆಯಬೇಕೋ ತೋಚಲಿಲ್ಲ. ಬೈದುಕೊಂಡಾದರೂ ಪೂರ್ತಿ ಓದು.

ಪದ್ಮಾ ಈ ಸಲ ಎಸ್ಸೆಸ್ಸೆಲ್ಸಿಗೆ ಕೂರುತ್ತಾಳೆಂದು ಓದಿ ಖುಷಿಯಾಯಿತು. ಮಾವ ಗುಜರಾತಿನಲ್ಲಿ ಸಿಟಿ ಬಸ್ಸು ಓಡಿಸುತ್ತಾನೆಂದು ಗೆಳತಿಯರಿಗೆಲ್ಲ ಹೇಳುತ್ತಾಳಂತೆ. ಅಕ್ಕ, ನಾನೀಗ ಓಡಿಸುತ್ತಿಲ್ಲ. ದೀಪಾವಳಿಯಿಂದ ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದೇನೆ.

ಕುಡಿದಿರಲಿಲ್ಲ, ಯಾರಿಗೂ ಗುದ್ದಲಿಲ್ಲ. ಮೊದಮೊದಲು ಈ ಕೆಲಸವೆಂದರೆ ನನಗೆ ಎಷ್ಟು ಹೆಮ್ಮೆಯಿತ್ತು! ಆದರೆ ಎರಡು ವರ್ಷದಿಂದ ಸ್ಟಿಯರಿಂಗ್ ಹಿಡಿದರೆ ಅಂಗೈ ಬೆವರುವುದು, ಎದೆ ಹೊಡೆದುಕೊಳ್ಳುವುದು. ಸೈಕಲ್ಲಿನವರು, ಒಂಟೆಗಾಡಿಯವರು, ಮಿಲ್ಲು ಬಿಟ್ಟು ಬರುವ ಜನ, ಎಲ್ಲರೂ ನನ್ನ ಚಕ್ರದಡಿಗೇ ಬರುತ್ತಿದ್ದಾರೆ ಅನಿಸುವುದು. ಗಂಡಸಾಗಿ ಹೆದರಿಕೆಯೆಂದು ಯಾರ ಹತ್ತಿರ ಹೇಳಲಿ?

ಒಂದು ದಿನ ಎಲ್ಲಿಸ್ ಬ್ರಿಜ್ಜಿನ ನಡುವೆ ಬಸ್ಸು ನಿಲ್ಲಿಸಿಬಿಟ್ಟೆ. ತುಂಬಿದ ಬಸ್ಸು. ಹಿಂದೆ ಹಾರ್ನುಗಳ ಗಲಾಟೆ. ನನಗೆ ಕಾಲು ಎತ್ತಲಾಗಲಿಲ್ಲ. ಕಂಡಕ್ಟರ್ ರಮಣಭಾಯಿ ಓಡಿಬಂದು, "ಏನಾಯ್ತು ಜನಾರ್ದನಭಾಯಿ, ಇಂಜಿನ್ನಾ?" ಎಂದ. ನಾನು ಸ್ಟಿಯರಿಂಗಿಗೆ ಹಣೆಯಿಟ್ಟು ಅಳುತ್ತಿದ್ದೆ. ಅವನು ನನ್ನನ್ನು ಮರೆಮಾಡಿ ನಿಂತು, "ಇಂಜಿನ್ ಕೆಟ್ಟಿದೆ, ಎಲ್ಲ ಇಳೀರಿ" ಎಂದು ಕೂಗಿದ.

ಡಾಕ್ಟರು ನರಗಳ ಸುಸ್ತು ಎಂದು ಬರೆದರು. ಡಿಪೋದಲ್ಲಿ ಕೆಲವರು ಹುಚ್ಚ ಅನ್ನುತ್ತಾರೆ. ರಮಣಭಾಯಿ ಮಾತ್ರ ದಿನಾ ಚಹಾ ತಂದು ಪಕ್ಕದಲ್ಲಿ ಕೂರುತ್ತಾನೆ. ಈಚೆಗೆ ಸ್ವಲ್ಪ ನಿದ್ದೆ ಬರುತ್ತಿದೆ.

ಭಾವನಿಗೆ ನಮಸ್ಕಾರ ತಿಳಿಸು. ಪದ್ಮಾ ಚೆನ್ನಾಗಿ ಪಾಸಾಗಲಿ, ದೇವರು ಅವಳಿಗೆ ಧೈರ್ಯ ಕೊಡಲಿ.

ನಿನ್ನ ತಮ್ಮ,
ಜನಾರ್ದನ

ತಾ.ಕ.: ದ್ವಾರಕೆಯಿಂದ ಮರಳುವಾಗ ಅಪ್ಪ ಡಿಪೋದವರೆಗೆ ಬಂದರೂ ನಾನು ಸಿಗಲಿಲ್ಲವೆಂದು ನೀನು ಬರೆದಿದ್ದೆ. ಅಕ್ಕ, ನಾನು ಅಲ್ಲೇ ಇದ್ದೆ. ಮುಖಕ್ಕೆ ಟವೆಲು ಸುತ್ತಿಕೊಂಡು ಚಕ್ರದ ಕೆಸರು ಕೆರೆಯುತ್ತಿದ್ದೆ. ಪೊರೆ ಬಂದ ಅವರ ಕಣ್ಣಿಗೆ ಗುರುತು ಸಿಗಲಿಲ್ಲ. ತಮ್ಮ ಹರಕು ಹಿಂದಿಯಲ್ಲಿ, ಡ್ರೈವರ್ ಜನಾರ್ದನ ಎಲ್ಲಿ ಎಂದು ನನ್ನನ್ನೇ ಕೇಳಿದರು. ನಾನೂ ಹಿಂದಿಯಲ್ಲೇ, ದನಿ ಬದಲಿಸಿ, "ಬಸ್ಸು ತಗೊಂಡು ಹೋಗಿದ್ದಾನೆ" ಅಂದೆ. ಅವರ ಮುಖ ಅರಳಿತು. ಹಲಸಿನ ಹಪ್ಪಳದ ಕಟ್ಟನ್ನು ನನ್ನ ಒದ್ದೆ ಕೈಗಿಟ್ಟು, "ನನ್ನ ಮಗ ಬಂದರೆ ಕೊಡು ಭಾಯಿ" ಅಂದರು. ಗೇಟು ದಾಟಿ ಹೋಗುವವರೆಗೂ ನೋಡುತ್ತ ನಿಂತೆ, ಕರೆಯಲಿಲ್ಲ.

ಈ ಕಾಗದವನ್ನು ಅಪ್ಪನಿಗೆ ಓದಿ ಹೇಳು. ಇಷ್ಟನ್ನೂ ಬಿಡದೆ.