ನನ್ನ ಮಣಿಕಟ್ಟಿಗೆ ಹತ್ತು ನಿಮಿಷ

ಸಿಬ್ಬಂದಿ ಆರೋಗ್ಯ ಮಂಡಳಿಯ ಅಧ್ಯಕ್ಷರೇ,

ಹನ್ನೊಂದು ವರ್ಷದಿಂದ ನಿಮ್ಮ ಆಸ್ಪತ್ರೆಯಲ್ಲಿ ಕಂಡವರಿಗೆಲ್ಲ ಅಲ್ಟ್ರಾಸೌಂಡ್ ಮಾಡುತ್ತಿರುವ ನನ್ನ ಬಲಗೈ ಮಣಿಕಟ್ಟಿಗೆ ಅದೇ ಅಲ್ಟ್ರಾಸೌಂಡ್ ಮಾಡಿಸಲು ನೀವು ಮೂರನೆಯ ಸಲ ಅನುಮತಿ ನಿರಾಕರಿಸಿದ್ದೀರಿ. ಎಕ್ಸ್‌ರೇಯಲ್ಲಿ ಮೂಳೆ ಸರಿಯಿದೆ, ಆದ್ದರಿಂದ ನೋವಿಗೆ ‘ಆಧಾರವಿಲ್ಲ’ವಂತೆ. ನೋವಿಗೂ ಗುರುತಿನ ಚೀಟಿ ಬೇಕೆಂದು ನನಗೆ ತಿಳಿದಿರಲಿಲ್ಲ.

ಹೆಬ್ಬೆರಳ ಬುಡದಿಂದ ಮುಂಗೈವರೆಗೆ ಉರಿಯುವ ಈ ನೋವಿಗೆ ಕಾರಣ ಹಲವಿರಬಹುದು. ಬುಡದ ಕೀಲು ಸವೆದಿರಬಹುದು, ನೀರುಗಂಟು ಒತ್ತುತ್ತಿರಬಹುದು, ಹೆಬ್ಬೆರಳನ್ನು ಎತ್ತುವ ಸ್ನಾಯುರಜ್ಜುಗಳ ಹೊದಿಕೆ ಊದಿರಬಹುದು. ಊದಿದ ಹೊದಿಕೆಯನ್ನು ಎಕ್ಸ್‌ರೇ ಹೇಗೆ ತೋರಿಸೀತು? ತೋರಿಸುವ ಯಂತ್ರ ನಾನು ದಿನಾ ಕೂರುವ ಕೋಣೆಯಲ್ಲೇ ಇದೆ. ಪಕ್ಕದ ಕೋಣೆಯ ಸಹೋದ್ಯೋಗಿ ನಿಮ್ಮ ಅನುಮತಿಯಿಲ್ಲದೆ ನನ್ನ ಕೈ ಮುಟ್ಟಲು ಹೆದರುತ್ತಾಳೆ. ಹೊರಗೆ ಮಾಡಿಸಿದ ವರದಿ ನಿಮ್ಮಲ್ಲಿ ನಡೆಯುವುದಿಲ್ಲ. ನಿಮ್ಮ ಮೂಳೆ ವೈದ್ಯರು ಅಂದಾಜಿನ ಮೇಲೆ ಎರಡು ಸಲ ಸೂಜಿ ಚುಚ್ಚಿದರು. ಎರಡೂ ಸಲ ಎರಡು ವಾರ ಸುಮ್ಮನಿದ್ದ ನೋವು ಮತ್ತೆ ಎದ್ದು ಕೂತಿತು.

ಹಾಗಾಗಿ ಕಳೆದ ತಿಂಗಳು ಊಟದ ಬಿಡುವಿನಲ್ಲಿ ಒಂದು ಅಪರಾಧ ಮಾಡಿದೆ. ಬಲಗೈಯನ್ನು ಮಡಚಿದ ಟವೆಲ್ ಮೇಲಿಟ್ಟು, ಜೆಲ್ ಹಚ್ಚಿ, ಮೈಮೇಲೆ ಆಡಿಸುವ ಹಿಡಿಯನ್ನು, ಅಂದರೆ ಪ್ರೋಬನ್ನು, ಎಡಗೈಯಲ್ಲಿ ಹಿಡಿದು ನೋಡಿಕೊಂಡೆ. ಹೊದಿಕೆ ದಪ್ಪವಾಗಿತ್ತು. ಅದರೊಳಗೆ ತೆಳುವಾದೊಂದು ಅಡ್ಡಗೋಡೆ. ಎರಡು ರಜ್ಜುಗಳಿಗೆ ಬೇರೆ ಬೇರೆ ಕೋಣೆ. ಔಷಧಿ ಒಂದು ಕೋಣೆಗೆ ಹೋಗಿರಬೇಕು, ನೋವು ಇನ್ನೊಂದರಲ್ಲಿ ಉಳಿದಿರಬೇಕು. ಕಾರಣ ಸಿಕ್ಕಿತಲ್ಲ ಎಂದು ಅಳುವೇ ಬಂತು. ಚಿತ್ರ ಮುದ್ರಿಸಿ ನಿಮ್ಮ ಕಚೇರಿಗೆ ಕೊಟ್ಟೆ. ಗುಮಾಸ್ತರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಪರೀಕ್ಷೆ ಮಾಡಿದೋರೂ ನೀವೇ, ಮಾಡಿಸ್ಕೊಂಡೋರೂ ನೀವೇ. ಇದನ್ನ ಹೇಗೆ ಮೇಲಕ್ಕೆ ಕಳಿಸ್ಲಿ ಮೇಡಂ?” ಎಂದರು. ವಾರದೊಳಗೆ ಯಂತ್ರದ ದುರ್ಬಳಕೆಗಾಗಿ ನೋಟಿಸ್ ಬಂತು. ಜೊತೆಗೆ, ಬರುವ ಸೋಮವಾರ ಮೂರನೆಯ ಚುಚ್ಚುಮದ್ದಿಗೆ ಹಾಜರಾಗಬೇಕೆಂಬ ಆದೇಶ. ಅದೂ ಅಂದಾಜಿನ ಮೇಲೆಯೇ. ದಿನಕ್ಕೆ ನಲವತ್ತು ಜನರೊಳಗೆ ನಾನು ಕಂಡದ್ದನ್ನು ನಂಬುವ ಆಸ್ಪತ್ರೆ ನನ್ನ ಕೈಯೊಳಗೆ ನಾನು ಕಂಡದ್ದನ್ನು ನಂಬುವುದಿಲ್ಲ. ಆಗಲಿ, ನಂಬಬೇಡಿ. ಬೇರೆಯವರು ನೋಡಲಿ ಎಂದು ತಾನೇ ನಾನು ಅಂಗಲಾಚುತ್ತಿರುವುದು?

ಮೊನ್ನೆ ಗುರುವಾರದ ಸಂಗತಿಯನ್ನು ಇನ್ನೂ ಯಾರಿಗೂ ಹೇಳಿಲ್ಲ. ಏಳು ತಿಂಗಳ ಗರ್ಭಿಣಿಯೊಬ್ಬಳು ಬಂದಿದ್ದಳು. ಮಗುವಿನ ಎದೆ ಸಿಗಲು ಪ್ರೋಬನ್ನು ತುಸು ಒತ್ತಬೇಕಿತ್ತು. ಹೆಬ್ಬೆರಳು ಮಾತು ಕೇಳಲಿಲ್ಲ. ಪ್ರೋಬ್ ಜಾರಿತು. ಮತ್ತೆ ಇಟ್ಟೆ, ಮತ್ತೆ ಜಾರಿತು. ನೋವಿಗೆ ಹಲ್ಲು ಕಚ್ಚಿಕೊಂಡಿದ್ದ ನನ್ನ ಮುಖವನ್ನೇ ಅವಳು ನೋಡುತ್ತಿದ್ದಳು. ಮೆಲ್ಲಗೆ ಕೇಳಿದಳು: “ಮಗು ಹೋಯ್ತಾ ಅಕ್ಕ?”

ಮಗುವಿಗೆ ಏನೂ ಆಗಿರಲಿಲ್ಲ. ಪ್ರೋಬನ್ನು ಎಡಗೈಗೆ ಬದಲಿಸಿಕೊಂಡು ಎದೆಬಡಿತ ಕೇಳಿಸಿದೆ. ಆದರೆ ಆ ಎರಡು ನಿಮಿಷ ಅವಳ ಪಾಲಿಗೆ ಮಗು ಸತ್ತಿತ್ತು. ನಾಳೆ ಇದರ ತಿರುವುಮುರುವಾಗಿ, ಕಾಣಬೇಕಾದ್ದು ಕಾಣದೆ ‘ಎಲ್ಲ ಸರಿಯಿದೆ’ ಎಂದು ನಾನು ಬರೆದುಬಿಟ್ಟರೆ? ಆ ಹೆದರಿಕೆಗೆ ನನಗೆ ಊಟ ಸೇರುತ್ತಿಲ್ಲ.

ಸೋಮವಾರ ಸೂಜಿ ಚುಚ್ಚುವ ಮೊದಲು ಬೇರೊಬ್ಬರು ನನ್ನ ಮಣಿಕಟ್ಟನ್ನು ಪರದೆಯ ಮೇಲೆ ನೋಡಲಿ. ಹತ್ತು ನಿಮಿಷ ಸಾಕು. ಅದೂ ಆಗದಿದ್ದರೆ ಅಂದಿನಿಂದ ನಾನು ಯಾವ ತಾಯಿಯ ಹೊಟ್ಟೆಯ ಮೇಲೂ ಕೈಯಿಡುವುದಿಲ್ಲ. ಏಕೆಂದು ಹೊರಗೆ ಬೆಂಚಿನ ಮೇಲೆ ಕಾಯುವವರಿಗೆ ನೀವೇ ಬಂದು ಹೇಳಿ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಯಾವ ನೋವೂ ಇಲ್ಲದ,
ಸ್ಕ್ಯಾನಿಂಗ್ ಕೋಣೆಯ ತಂತ್ರಜ್ಞೆ
(ಎಡಗೈಯ ಸಹಿ. ಹಳೆಯದನ್ನು ಹೋಲುವುದಿಲ್ಲವೆಂದು ದಯವಿಟ್ಟು ವಾಪಸು ಕಳಿಸಬೇಡಿ.)