ಕುಕ್ಕಿ ಕಟ್ಟಿದ ಕರಾ

ಅಕ್ಕಿಆಲೂರು
೧೨ ಫೆಬ್ರವರಿ ೧೯೬೪

ತಂಗಿ ಮಾದೇವಿಗೆ,

ನಿನ್ನ ಗಂಡನ ಅಕ್ಕ ಸರೋಜವ್ವನ ಶರಣು. ಇಲ್ಲಿ ನಾವೆಲ್ಲಾ ಉಸರಾಡಾಕತ್ತೇವಿ. ರಟ್ಟೀಹಳ್ಳ್ಯಾಗ ನೀ ಹೆಂಗದಿ, ನಿಮ್ಮವ್ವನ ಮೊಣಕಾಲು ಹೆಂಗೈತಿ? ನಿನ್ನ ತವರಿಗೆ ಅಟ್ಟಿ ಆರು ತಿಂಗಳಾತು, ಈಗ ಬರ್ಯಾಕತ್ತೇನಿ. ಬಾಯಿಗೆ ಬಂದಂಗ ಬೈ. ಸುಳ್ಳು ನೆವಾ ಹೇಳೂದಿಲ್ಲ, ಬರ್ಯಾಕ ಧೈರ್ಯ ಇರ್ಲಿಲ್ಲ.

ಮೊದಲು ಮುಖ್ಯದ ಮಾತು. ಆ ಹೋರಿಗರಾ ಸತ್ತಿದ್ದು ನಿನ್ನ ಕಣ್ಣಿನಿಂದಲ್ಲ, ನೀ ಹಾಕಿದ ಹುಲ್ಲಿನಿಂದಾನೂ ಅಲ್ಲ. ಇದನ್ನ ಇನ್ನೊಮ್ಮೆ ಓದು.

ನನ್ನ ತಮ್ಮ ಉಳವಪ್ಪನ ಹೋರಿ ಹುಚ್ಚು ನಿನಗ ಗೊತ್ತ ಐತಿ. ದೀಪಾವಳ್ಯಾಗ ಓಡೋ ಹೋರಿಗೆ ಹೊಟ್ಟಿ ಜೋಲಬಾರ್ದು ಅಂತ ಕರಾದ ಬಾಯಿಗೆ ಹಗ್ಗದಾಗ ಹೆಣದ ಕುಕ್ಕಿ ಕಟ್ಟಿ, ಒಂದೆಳಿ ಹುಲ್ಲು ಮುಟ್ಟಗೊಡದ ಬರೇ ಹಾಲು ಕುಡಿಸಿದ. ಅದು ಗ್ವಾಡಿ ನೆಕ್ಕೂದು ನೋಡಲಾರದ ನೀ ಕುಕ್ಕಿ ಬಿಚ್ಚಿ ಒಂದು ಹಿಡಿ ಹುಲ್ಲು ಹಾಕಿದಿ. ನಮ್ಮವ್ವ ಕಂಡ್ಲು. ಮರುದಿನಾ ಅದು ಕಾಲು ಸೆಟದು, ಹಲ್ಲು ಕಡಕೊಂತ ಸತ್ತೀತು. 'ಮಕ್ಕಳಿಲ್ಲದಾಕಿ ಕಣ್ಣು ಬಿತ್ತು, ಹುಲ್ಲಿನ್ಯಾಗ ಮದ್ದು ಹಾಕಿದ್ಲು' ಅಂತ ಅವ್ವ ಹೊಯ್ಕೊಂಡ್ಲು. ಹಿರ್ಯಾರು ತಲಿ ಅಲ್ಲಾಡಿಸಿದ್ರು, ನಿನ್ನ ಚಕ್ಕಡಿ ಹತ್ತಿಸಿದ್ರು.

ನೀ ಹ್ವಾದ ಮ್ಯಾಲೆ ಇನ್ನೊಂದು ಆಕಳಿಗೆ ಹುಟ್ಟಿದ ಹೋರಿಗರಾಕ್ಕೂ ಅದ ಕುಕ್ಕಿ, ಅದ ಹಾಲು. ಹೋದ ತಿಂಗಳು ಅದೂ ಧೊಪ್ಪಂತ ಬಿತ್ತು, ಕಿವಿ ಅದರ್ಯಾಕತ್ತಿದ್ವು. 'ಈಗ ಯಾರ ಕಣ್ಣು ಬಿತ್ತು ಬೇ?' ಅಂದೆ ಅವ್ವಗ. ಮಗ್ಗಲ ಮನಿ ಗೌಸಸಾಬ ಹಾನಗಲ್ಲಿಗೆ ಓಡಿ ದನದ ಡಾಕ್ಟರನ್ನ ಕರಕೊಂಡು ಬಂದ.

ಡಾಕ್ಟರು ಚರ್ಮದ ಕೆಳಗ ಸೂಜಿ ಚುಚ್ಚಿದ್ರು, ಸ್ವಲ್ಪ ಹೊತ್ತಿಗೆ ಎದ್ದು ನಿಂತೀತು. 'ಮ್ಯಾಗ್ನೀಶಿಯಂ ಅನ್ನೋ ಅಂಶ ಕಡಿಮಿ ಆಗೈತ್ರಿ' ಅಂದ್ರು. 'ಹಾಲಿನ್ಯಾಗ ಅದು ಸಾಲೂದಿಲ್ಲ, ಮೇವಿನಿಂದ ಬರಬೇಕು. ಮೈಯಾಗ ಕಣ್ಣಿಗೆ ಕಾಣದಂಥ ಜೀವಕೋಶ ಅದಾವು. ಎಷ್ಟು ಒಳಗ ತಗೋಬೇಕು, ಎಷ್ಟು ಹೊರಗ ಹಾಕಬೇಕು, ಎಲ್ಲಾ ಅವುಗಳ ಲೆಕ್ಕ. ರಕ್ತ ಬರಿದಾದ್ರೂ ತಮ್ಮದನ್ನ ಲಗೂ ಬಿಟ್ಟುಕೊಡೂದಿಲ್ಲ. ಎಲುಬು ಒಂದಿಷ್ಟು ಕೊಡತೈತಿ. ಅದೂ ತೀರಿದ್ರ ನರಾ ಹುಚ್ಚೆದ್ದು ಹಿಂಗ ಸೆಟೀತೈತಿ.' ನೆಲದಾಗಿನ ಹಗೇವಿನ್ಯಾಗ ಜ್ವಾಳಾ ಇದ್ರೂ ಅಂಗಳದಾಗ ಉಪಾಸ ಬಿದ್ದಂಗ! ಆ ಜೀವಕೋಶಾನೂ ನಮ್ಮ ಉಳವಪ್ಪನ ವಂಶದವ ಇರಬೇಕು ಅಂದೆ. ಡಾಕ್ಟರು ನಕ್ಕರು, ಅಂವ ನಗಲಿಲ್ಲ.

'ಒಂದು ಹಿಡಿ ಹುಲ್ಲಿನಿಂದ ಕರಾ ಸಾಯ್ತೈತೇನ್ರಿ?' ಅಂತ ಎಲ್ಲಾರ ಮುಂದ ಕೇಳಿದೆ. 'ದಿನಾ ಹಾಕಿದ್ರ ಉಳೀತಿತ್ತವ್ವಾ' ಅಂದ್ರು. ಅವ್ವ ಒಳಗ ಹ್ವಾದ್ಲು. ಉಳವಪ್ಪ ಕುಕ್ಕಿ ಬಿಚ್ಚಿ ಒಗದ, ಆದ್ರ 'ಹಿರ್ಯಾರು ಆಡಿದ ಮಾತು ಆಡಿದ್ದ' ಅಂದ. ಸುಡ್ಲಿ ಆ ಮಾತು!

ಡಾಕ್ಟರು ಅಂದಿದ್ದನ್ನ ನಿಮ್ಮ ಓಣಿ ಮಂದಿಗೆಲ್ಲಾ ಹೇಳು. ಯಾರ ಮುಂದೂ ತಲಿ ತಗ್ಗಿಸಬ್ಯಾಡ. ನಿಮ್ಮೂರ ಕದಂಬೇಶ್ವರ ನಿನ್ನ ಕಾಯಲಿ, ಉಂಡ ಅನ್ನ ಮೈಗೆ ಹತ್ತಲಿ.

ನಿನ್ನ ಸರೋಜಕ್ಕ

ತಾ.ಕ.: 'ತಿರುಗಿ ಬಾ' ಅಂತ ಯಾಕ ಬರೀಲಿಲ್ಲ ಅಂತ ಕೇಳತಿ. ಕಾರ್ತೀಕದಾಗ ಉಳವಪ್ಪ ಎರಡನೇ ಲಗ್ನ ಮಾಡಿಕೊಂಡ. ಕಾಯ್ದೆ ಒಪ್ಪೂದಿಲ್ಲಂತ ಸಾಲಿ ಮಾಸ್ತರು ಹೇಳಿದ್ರು, ಕೇಳೋರ್ಯಾರು? ಹೆಣ್ಣು ನನ್ನ ಮಗಳು ನೀಲವ್ವ. ಅವ್ವ, ನನ್ನ ಗಂಡ ಕೂಡಿ ಎಲ್ಲಾ ಮುಗಿಸಿದ ಮ್ಯಾಲೆ ನನಗ ಹೇಳಿದ್ರು. ಹೋದ ತಿಂಗಳು ಕರಾ ಬಿದ್ದಾಗ ಆಕಿ ನನ್ನ ಸೆರಗು ಹಿಡದು, 'ಯವ್ವಾ, ನಾ ಏನೂ ಹಾಕಿಲ್ಲ ಬೇ' ಅಂದ್ಲು. ಶಪಿಸೂದಿದ್ರ ನಮ್ಮನ್ನ ಶಪಿಸು ಮಾದೇವಿ, ಆ ಹುಡುಗೀನ ಬಿಡು.