ಮಗಳನ್ನು ಹೊಗಳುವ ಹಾಳೆ

ಆಗಸ್ಟ್ 12, 2023. ಶನಿವಾರ. ಬೆಳಗ್ಗೆ 9:40

ನಿಧಿಯನ್ನು ಸ್ವಯಂಸೇವೆಗೆಂದು ವೃದ್ಧಾಶ್ರಮದ ಬಾಗಿಲಲ್ಲಿ ಇಳಿಸಿದ್ದಾಯಿತು. ಹನ್ನೆರಡೂವರೆಗೆ ಮತ್ತೆ ಹತ್ತಿಸಿಕೊಳ್ಳಬೇಕು. ಅಲ್ಲಿಯವರೆಗೆ ಪಾರ್ಕಿಂಗ್ ಲಾಟ್, ಫ್ಲಾಸ್ಕಿನ ಕಾಫಿ, ಈ ಪುಸ್ತಕ. ಎರಡು ವರ್ಷದಿಂದ ನನ್ನ ಶನಿವಾರ ಇಷ್ಟೇ. ಅವಳಿಗೆ ಲೈಸೆನ್ಸ್ ಬಂದಿದೆ. ಆದರೂ ಈ ಒಂದು ಡ್ರೈವ್ ಮಾತ್ರ ನಾನು ಬಿಟ್ಟುಕೊಟ್ಟಿಲ್ಲ.

ಕ್ರೇಪ್ ಮರ್ಟಲ್ ಮರದ ಕೆಳಗೆ ಕಾರು. ಗಾಜಿನ ಮೇಲೆ ಗುಲಾಬಿ ಹೂವು ಉದುರುತ್ತಲೇ ಇದೆ. ಕಣ್ಣು ಅರ್ಧ ಮುಚ್ಚಿದರೆ ಸಾಕು, ನನ್ನ ಸಿನಿಮಾ ಶುರು. ಉದ್ದನೆಯ ಕಾರಿಡಾರ್. ಬಿಳಿ ಕೋಟು ತೊಟ್ಟ ಡಾಕ್ಟರ್ ನಿಧಿ ನಡೆದು ಬರುತ್ತಾಳೆ, ನರ್ಸುಗಳು ದಾರಿ ಬಿಡುತ್ತಾರೆ. ನಾನು ಮೂಲೆಯ ಬೆಂಚಿನಲ್ಲಿ, ಅಪ್ಪ ಎಂದು ಯಾರಿಗೂ ಹೇಳದೆ ಕೂತಿರುತ್ತೇನೆ. ಈ ಕನಸಿನಲ್ಲಿ ಅವಳಿಗೆ ಯಾವಾಗಲೂ ಮೂವತ್ತೈದು ವರ್ಷ.

ಶೀಲಾ ನಿನ್ನೆ ಅಂದಳು — "ಕನಸಿಗೇನ್ ರೀ, ಟ್ಯೂಷನ್ ಫೀಸ್ ಇಲ್ಲ. ಕಾಲೇಜಿಗಿದೆ."

ಹೆಂಡತಿ ಹೇಳಿದ್ದು ಸರಿಯೇ. ನಿಧಿ ನಾಲ್ಕು ವರ್ಷದವಳಿದ್ದಾಗ ಮೈಸೂರಿನಿಂದ ಬಂದವಳು, ಇವತ್ತಿಗೂ ನನ್ನ ವೀಸಾದ ಬಾಲ. ಗ್ರೀನ್ ಕಾರ್ಡ್ ಇಲ್ಲ, ಹಾಗಾಗಿ ಈ ಜಾರ್ಜಿಯಾ ರಾಜ್ಯದ ಸ್ಕಾಲರ್‌ಶಿಪ್ ಇಲ್ಲ. ಡಾಕ್ಟರ್ ಆಗಬೇಕೆಂದರೆ ಮೊದಲು ನಾಲ್ಕು ವರ್ಷ ಕಾಲೇಜು, ಆಮೇಲೆ ನಾಲ್ಕು ವರ್ಷ ಮೆಡಿಕಲ್ ಸ್ಕೂಲ್. ನಮ್ಮ ಉಳಿತಾಯ ಎರಡರಲ್ಲಿ ಒಂದಕ್ಕೆ ಮಾತ್ರ. ವೀಸಾ ನೋಡದೆ, ಬರೀ ಹುಡುಗಿಯನ್ನು ನೋಡಿ ಮೆರಿಟ್ ಸ್ಕಾಲರ್‌ಶಿಪ್ ಕೊಡುವ ಪ್ರೈವೇಟ್ ಕಾಲೇಜು ಒಂದು ಸಿಗಬೇಕು. ಸಿಗದಿದ್ದರೆ "ಬೇರೆ ಏನಾದರೂ ಓದು" ಎಂದು ನಾನೇ ಹೇಳಬೇಕು. ಆ ಮಾತು ನನ್ನ ಬಾಯಿಂದ ಬರದಿರಲಿ.

ಸೆಪ್ಟೆಂಬರ್ 2. ಶನಿವಾರ. ಸಂಜೆ, ಡರ್ಹಮ್

ಸೂರ್ಯನಾರಾಯಣ ಅಂಕಲ್ ಮನೆ. 1971ರಲ್ಲೇ ಈ ದೇಶಕ್ಕೆ ಬಂದ ಡಾಕ್ಟರ್, ಈಗ ರಿಟೈರ್ಡ್. ನಮ್ಮ ಮಾವನ ಕ್ಲಾಸ್‌ಮೇಟ್. ದಾರಿಯಲ್ಲಿ, ಸೌತ್ ಕೆರೊಲಿನಾದಲ್ಲಿ, ಲಿಂಡನ್ ಹಿಲ್ ಕಾಲೇಜು ನೋಡಿಕೊಂಡು ಬಂದೆವು. ಪುಟ್ಟದು. ಇಟ್ಟಿಗೆ ಕಟ್ಟಡ, ದೊಡ್ಡ ಓಕ್ ಮರಗಳು, ಹುಲ್ಲಿನ ಮೇಲೆ ಒಂದು ನಾಯಿ. ವರ್ಷಕ್ಕೆ ಎಂಟು ಮಕ್ಕಳಿಗೆ ಪೂರ್ತಿ ಟ್ಯೂಷನ್ ಮಾಫಿ, ವೀಸಾ ಯಾವುದಾದರೂ ಸರಿ. ತಾಯಿ ಮಗಳು ಲ್ಯಾಬ್ ನೋಡಲು ಹೋದಾಗ ಓಕ್ ಕೆಳಗೆ ಕೂತೆ. ಗಾಳಿ ಬೀಸಿತು. ನಾನೇ ಇಲ್ಲಿ ಸೇರಿದಂತೆ, ಯಾರೋ ಬಯಾಲಜಿ ಪುಸ್ತಕ ಕೈಗಿಟ್ಟಂತೆ... ಶೀಲಾ ಬಂದು ಭುಜ ಅಲುಗಿಸಿದಳು. ಗೊರಕೆ ಹೊಡೆಯುತ್ತಿದ್ದೆನಂತೆ.

ಅಂಕಲ್‌ಗೆ ಹೇಳಿದಾಗ ಖುಷಿಪಟ್ಟರು. "ಕೇಳು ಸತ್ಯ, ಹೆಸರಿಗೆ ದುಡ್ಡು ಸುರೀಬೇಡ ಕಣಯ್ಯಾ. ಮೆಡಿಕಲ್ ಸ್ಕೂಲಿನೋರು ಕಾಲೇಜಿನ ಗೇಟ್ ನೋಡಲ್ಲ, ಗ್ರೇಡ್ಸ್ ನೋಡ್ತಾರೆ. ಪ್ರೊಫೆಸರಿಗೆ ಇವಳ ಹೆಸರು ಗೊತ್ತಿರೋ ಕಡೆ ಹಾಕು."

ಊಟಕ್ಕೆ ಕೂತಾಗ ಅವರ ಹೆಂಡತಿ ಅಲಮೇಲು ಆಂಟಿ, "ಎಷ್ಟು ಲಕ್ಷಣವಾಗಿ ಮಾತಾಡ್ತಾಳೆ ನಿಮ್ಮ ಹುಡುಗಿ" ಅಂದರು. ನಾನು ತಕ್ಷಣ, "ಅಯ್ಯೋ ಎಲ್ಲಿ ಬಂತು ಆಂಟಿ, ಮನೇಲಿ ನೋಡ್ಬೇಕು, ಮಹಾ ಸೋಮಾರಿ" ಅಂದೆ. ಎಲ್ಲರೂ ನಕ್ಕರು. ನಿಧಿ ತಟ್ಟೆ ನೋಡುತ್ತಿದ್ದಳು.

ಸೆಪ್ಟೆಂಬರ್ 10. ಭಾನುವಾರ

ಹೈಸ್ಕೂಲಿನ ಕೌನ್ಸೆಲರ್ ಮಿಸ್ ಕಾರ್ಟರ್ ಒಂದು ಫಾರ್ಮ್ ಕಳಿಸಿದ್ದಾರೆ. ಕಾಲೇಜುಗಳಿಗೆ ಅವರು ಬರೆಯುವ ಶಿಫಾರಸು ಪತ್ರಕ್ಕೆ ಇದೇ ಆಧಾರವಂತೆ. ಹೆಸರು — ಬ್ರ್ಯಾಗ್ ಶೀಟ್. ಅಂದರೆ ಜಂಬದ ಹಾಳೆ. ತಂದೆ ತಾಯಿ ಕೂತು ಮಗುವನ್ನು ಹೊಗಳಬೇಕು. "ಸಂಕೋಚ ಬೇಡ" ಎಂದು ಮೇಲೆಯೇ ಅಚ್ಚಾಗಿದೆ.

"ಬರೆಯೋ ಚಟ ನಿಮ್ಮದು. ನೀವೇ ಬರೀರಿ," ಎಂದು ಶೀಲಾ ನಾಳೆಯ ಇಡ್ಲಿಗೆ ರುಬ್ಬಲು ಹೋದಳು.

ಒಂದು ಗಂಟೆ ಕೂತೆ. ಕೈ ಓಡಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಆಡಿಕೊಳ್ಳುವ ಊರಿನವನು ನಾನು. ನನ್ನ ಅಮ್ಮ ನೀಲಗಂಗಾ, ನಾನು ಕ್ಲಾಸಿಗೇ ಮೊದಲು ಬಂದ ದಿನ ಪಕ್ಕದ ಮನೆಯವರಿಗೆ "ಏನೋ ಪಾಸಾಗಿದಾನೆ" ಅಂದವಳು. ಅವರು ಹೋದ ಮೇಲೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ತಮ್ಮ ಮಗುವನ್ನು ತಾವೇ ಹೊಗಳಿದರೆ ದೃಷ್ಟಿ ಬೇಗ ತಾಗುತ್ತದಂತೆ. ನನಗೆ ಇದರಲ್ಲಿ ನಂಬಿಕೆ ಇಲ್ಲ. ಇಲ್ಲದಿದ್ದರೂ ಭಯ ಇದೆ.

ಮಗುವನ್ನು ವರ್ಣಿಸುವ ಐದು ಪದ ಕೇಳಿದ್ದರು. ಬರೆದೆ — ಸಾಧಾರಣ, ಮೌನಿ, ನಿಧಾನ, ಮರೆವು, ಒಳ್ಳೆಯವಳು. ಕೊನೆಯದು ಸ್ವಲ್ಪ ಹೆಚ್ಚಾಯಿತು ಎನಿಸಿತು. ಅಳಿಸಿ "ಪರವಾಗಿಲ್ಲ" ಎಂದು ಹಾಕಿದೆ. ಮುಂದಿನ ಪ್ರಶ್ನೆ — ನೀವು ಹೆಮ್ಮೆಪಟ್ಟ ಒಂದು ಸಂದರ್ಭ ಯಾವುದು? "ಇನ್ನೂ ಬಂದಿಲ್ಲ. ಶ್ರಮಪಟ್ಟರೆ ಬರಬಹುದು."

ಸಬ್ಮಿಟ್ ಒತ್ತಿದೆ. ಸಭ್ಯವಾಗಿ ಬರೆದಿದ್ದೇನೆ. ಮಿಸ್ ಕಾರ್ಟರ್‌ಗೆ ನಮ್ಮ ವಿನಯ ಅರ್ಥವಾದೀತು.

ನವೆಂಬರ್ 1. ಬುಧವಾರ

ಲಿಂಡನ್ ಹಿಲ್‌ಗೆ ಅಪ್ಲೈ ಆಯಿತು. ಬೆಳಗ್ಗೆ ಆಫೀಸಿಗೆ ಹೋಗುವಾಗ 400ನೇ ಹೆದ್ದಾರಿಯ ಮೇಲೆ ಮಂಜು. ಮುಂದಿನ ಕಾರುಗಳ ಕೆಂಪು ದೀಪ ಮಾತ್ರ ಕಾಣುತ್ತಿತ್ತು. ಅಟ್ಲಾಂಟಾ ಎಲ್ಲೋ ಮುಂದೆ ಇದೆ ಎಂಬ ನಂಬಿಕೆಯ ಮೇಲೆ ಹೋಗುತ್ತಿದ್ದೆವು. ಹಿತವಾಗಿತ್ತು. ಎಕ್ಸಿಟ್ ದಾಟಿ ಮೂರು ಮೈಲಿ ಹೋದ ಮೇಲೆ ಎಚ್ಚರವಾಯಿತು.

ಡಿಸೆಂಬರ್ 12. ಮಂಗಳವಾರ

ಹೇಗೆ ಬರೆಯಲಿ.

ಲಿಂಡನ್ ಹಿಲ್‌ನಲ್ಲಿ ಸೀಟು ಸಿಕ್ಕಿದೆ. ಸ್ಕಾಲರ್‌ಶಿಪ್ ಇಂಟರ್‌ವ್ಯೂಗೆ ಕರೆದವರಲ್ಲಿ ಅವಳ ಹೆಸರಿಲ್ಲ. ಅದಿಲ್ಲದೆ ಸೀಟು ಇದ್ದೂ ಇಲ್ಲದ ಹಾಗೆ.

ಮಧ್ಯಾಹ್ನ ಮಿಸ್ ಕಾರ್ಟರ್ ನನ್ನನ್ನೂ ನಿಧಿಯನ್ನೂ ಕೂರಿಸಿಕೊಂಡರು. ಮೊದಲ ಪ್ರಶ್ನೆ — ಮನೆಯಲ್ಲಿ ಎಲ್ಲ ಸರಿಯಾಗಿದೆಯೇ? ನನಗೆ ತಲೆಬುಡ ತಿಳಿಯಲಿಲ್ಲ. ಅವರು ಕಂಪ್ಯೂಟರ್ ತೆರೆ ನಮ್ಮ ಕಡೆ ತಿರುಗಿಸಿದರು. ನನ್ನ ಹಾಳೆ. ತಮ್ಮ ಕೈಕೆಳಗೆ ನಾನೂರಕ್ಕೂ ಹೆಚ್ಚು ಮಕ್ಕಳಿದ್ದಾರೆ, ತಂದೆ ತಾಯಿ ಹೇಳಿದ್ದನ್ನೇ ನೆಚ್ಚಿಕೊಳ್ಳಬೇಕು, ಇದರಲ್ಲಿ ಬಳಸುವಂಥದ್ದು ಒಂದು ಸಾಲೂ ಸಿಗಲಿಲ್ಲ ಎಂದರು. ಅವರ ಪತ್ರ ನಾಲ್ಕೇ ಸಾಲು. ಸೋತದ್ದು ಇದರಿಂದಲೇ ಎಂದು ಯಾರೂ ಹೇಳಲಾರರು ಎಂದೂ ಮೆಲ್ಲಗೆ ಸೇರಿಸಿದರು.

ಅಷ್ಟರಲ್ಲಿ ನಿಧಿ ಓದಿ ಮುಗಿಸಿದ್ದಳು.

ಕಾರಿನಲ್ಲಿ ಅವಳೇ ಮಾತು ತೆಗೆದಳು. "ಅಪ್ಪ, ಇಟ್ಸ್ ಓಕೆ. ನಂಗೆ ಗೊತ್ತಿತ್ತು."

"ಏನಮ್ಮಾ ಗೊತ್ತಿತ್ತು?"

"ದಟ್ ಯೂ ಥಿಂಕ್ ದಟ್. ನೀನು ಆಂಟಿ ಅಂಕಲ್ ಎಲ್ಲರ್ಗೂ ಅದೇ ಹೇಳ್ತೀಯ. ಸೋಮಾರಿ, ಸುಮಾರು. ಐ ಜಸ್ಟ್ ಡಿಡಿಂಟ್ ನೋ ನೀನು ಬರೀತೀಯ ಅಂತ."

ದೃಷ್ಟಿಯ ವಿಷಯ ಹೇಳಿದೆ. ಅಜ್ಜಿ, ಉಪ್ಪು, ಮೆಣಸಿನಕಾಯಿ. ಕಿಟಕಿಯ ಕಡೆ ತಿರುಗಿ ಕೇಳಿಸಿಕೊಂಡಳು. ಹೇಳುತ್ತಾ ಹೇಳುತ್ತಾ ನನಗೇ ನಾಚಿಕೆಯಾಯಿತು. ಮಗಳಿಗೆ ಕಣ್ಣು ತಾಗದಿರಲಿ ಎಂದು ನಾನೇ ಅವಳ ಕಣ್ಣಲ್ಲಿ ನೀರು ತರಿಸಿದೆ.

ಇನ್ನೊಂದು ಕಾಲೇಜು ಉಳಿದಿದೆ. ಕೆಂಟ್‌ಮೋರ್, ಮೇರಿಲ್ಯಾಂಡ್‌ನಲ್ಲಿ, ವಾಷಿಂಗ್ಟನ್‌ನಿಂದ ನಲವತ್ತು ನಿಮಿಷ. ಅಲ್ಲೂ ಪೂರ್ತಿ ಟ್ಯೂಷನ್ ಕೊಡುತ್ತಾರೆ, ಜನವರಿ ಹದಿನೈದು ಕೊನೆ. ಹೊಸ ಹಾಳೆ ಕೊಟ್ಟರೆ ಹೊಸ ಪತ್ರ ಬರೆಯುತ್ತೇನೆ ಎಂದಿದ್ದಾರೆ ಮಿಸ್ ಕಾರ್ಟರ್. ಜನವರಿ ಮೂರರೊಳಗೆ ಕೊಡಬೇಕಂತೆ.

ಡಿಸೆಂಬರ್ 17. ಭಾನುವಾರ

ಶೀಲಾ ಐದು ದಿನದಿಂದ ಅಳೆದು ಮಾತಾಡುತ್ತಿದ್ದಾಳೆ. ಇವತ್ತು ಅಂದಳು — "ನಾನಾದ್ರೂ ಒಂದ್ಸಲ ಓದ್ಬೇಕಿತ್ತು. ತಪ್ಪು ನಂದೂ ಇದೆ." ಬೈದಿದ್ದರೆ ಹಗುರಾಗುತ್ತಿತ್ತು.

ಹೊಸ ಹಾಳೆ ಬರೆಯಲು ಕೂತೆ. ಈಗ ಹೊಗಳಲು ಸಿದ್ಧ. ಆದರೆ ಏನೆಂದು? ಬುದ್ಧಿವಂತೆ, ಶ್ರಮಜೀವಿ... ಯಾರ ಮಕ್ಕಳಿಗೆ ಬೇಕಾದರೂ ಅಂಟಿಸಬಹುದಾದ ಪದಗಳು. ಮೂವತ್ತೈದರ ಡಾಕ್ಟರ್ ನಿಧಿಯ ಬಗ್ಗೆ ಹತ್ತು ಪುಟ ಬರೆದೇನು. ಹದಿನೇಳರ ನಿಧಿ ದಿನವೆಲ್ಲಾ ಏನು ಮಾಡುತ್ತಾಳೆ, ನನಗೆ ಸರಿಯಾಗಿ ಗೊತ್ತಿಲ್ಲ. ಇದನ್ನು ಒಪ್ಪಿಕೊಳ್ಳಲು ಕಷ್ಟವಾಗುತ್ತಿದೆ.

ಡಿಸೆಂಬರ್ 23. ಶನಿವಾರ. ಮಧ್ಯಾಹ್ನ 3

ಇವತ್ತು ಕಾರಿನಲ್ಲಿ ಕೂರಲಿಲ್ಲ. ಅವಳು ಒಳಗೆ ಹೋದ ಹತ್ತು ನಿಮಿಷಕ್ಕೆ ನಾನೂ ಹೋದೆ. ಎರಡು ವರ್ಷದಲ್ಲಿ ಮೊದಲ ಸಲ. ಊಟದ ಹಾಲ್‌ನ ಹಿಂದಿನ ಕುರ್ಚಿ ತೋರಿಸಿದಳು ನರ್ಸ್.

ಊಟದ ಹೊತ್ತಿಗೆ ನಿಧಿ ಒಬ್ಬ ಮುದುಕರ ಎಡಗಡೆ ಬಂದು ಕೂತಳು. ಮಿಸ್ಟರ್ ಡೇಲ್. ಮೊದಲು ಟ್ರಕ್ ಓಡಿಸುತ್ತಿದ್ದರಂತೆ. ಕೈ ಎರಡೂ ನಡುಗುತ್ತವೆ. ಯಾರಾದರೂ ತಿನ್ನಿಸಲು ಬಂದರೆ ಮುಖ ತಿರುಗಿಸುತ್ತಾರೆ. ನಿಧಿ ತಿನ್ನಿಸಲಿಲ್ಲ. ತನಗೂ ಒಂದು ಬಟ್ಟಲು ಸೂಪ್ ಹಾಕಿಸಿಕೊಂಡಿದ್ದಳು. ಒಂದು ಚಮಚ ಕುಡಿದು ಕಾಯುತ್ತಿದ್ದಳು. ಅವರು ನಡುಗುತ್ತಾ ಒಂದು ಚಮಚ ಎತ್ತುತ್ತಿದ್ದರು. ಅರ್ಧ ಚೆಲ್ಲುತ್ತಿತ್ತು, ಅವಳು ನೋಡಿಯೂ ನೋಡದ ಹಾಗೆ ಇರುತ್ತಿದ್ದಳು. ಮತ್ತೆ ಒಂದು ಚಮಚ. ಎಡಗಡೆಯೇ ಏಕೆ? ಅವರಿಗೆ ಬಲಗಿವಿ ಕೇಳಿಸುವುದಿಲ್ಲ. ಒಂದು ಬಟ್ಟಲಿಗೆ ನಲವತ್ತು ನಿಮಿಷ. ಒಂದು ಸಲವೂ ಫೋನ್ ಮುಟ್ಟಲಿಲ್ಲ.

ಇವಳಿದ್ದ ದಿನ ಮಾತ್ರ ಬಟ್ಟಲು ಖಾಲಿ ಎಂದಳು ನರ್ಸ್.

ನಿಧಾನ ಎಂದು ಬರೆದಿದ್ದೆನಲ್ಲ. ದೋಷವೆಂದು.

ಕಿಟಕಿಯಿಂದ ಚಳಿಗಾಲದ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಹೊತ್ತು ಹೋದದ್ದೇ ತಿಳಿಯಲಿಲ್ಲ. ಕನಸು ಕಾಣುವಾಗ ಆಗುವ ಹಾಗೆಯೇ, ಆದರೆ ಕಣ್ಣು ಪೂರ್ತಿ ತೆರೆದಿತ್ತು. ಎಷ್ಟು ಹೆಮ್ಮೆಯಾಯಿತು ಎಂದರೆ ಎದೆ ನೋಯುತ್ತಿತ್ತು.

ಡಿಸೆಂಬರ್ 24. ಭಾನುವಾರ

ಎರಡು ಪುಟ. ಕಂಡದ್ದಷ್ಟೇ ಬರೆದೆ — ಸೂಪು, ಎಡಗಡೆ, ನಲವತ್ತು ನಿಮಿಷ. ಹೆಮ್ಮೆಪಟ್ಟ ಸಂದರ್ಭ: ನಿನ್ನೆ. ಶೀಲಾ ಎರಡು ಸಲ ಓದಿ, ಕಾಫಿ ತಂದಿಟ್ಟಳು. ಕಳಿಸಿದೆ. ನಿಧಿಗೆ ತೋರಿಸಲಿಲ್ಲ. ತೋರಿಸಲು ಆಗಲಿಲ್ಲ.

ಮಾರ್ಚ್ 22, 2024. ಶುಕ್ರವಾರ

ಕೆಂಟ್‌ಮೋರ್. ಪೂರ್ತಿ ಟ್ಯೂಷನ್, ನಾಲ್ಕು ವರ್ಷ. ಊಟ ವಸತಿ ನಮ್ಮದು. "ಆಗತ್ತೆ ರೀ. ಮೆಡಿಕಲ್ ಸ್ಕೂಲಿಗೆ ಎತ್ತಿಟ್ಟಿದ್ದು ಮುಟ್ಟೋದೇ ಬೇಡ," ಅಂದಳು ಶೀಲಾ. ಮೂಗು ಒರೆಸಿಕೊಂಡು ಮತ್ತೆ ಹೇಳಿದಳು, "ಆಗತ್ತೆ."

ಅಂಕಲ್‌ಗೆ ಫೋನ್ ಮಾಡಿದೆ. "ಭೇಷ್. ಈಗ ಓದೋದು ಅವಳ ಪಾಡು, ನೀನು ನಿದ್ದೆ ಮಾಡು," ಅಂದರು.

ಸಂಜೆ ಮನೆಯ ಹಿಂದಿನ ಡೆಕ್ ಮೇಲೆ ಕೂತು ನನ್ನ ಹಳೆಯ ಸಿನಿಮಾ ಹಾಕಿ ನೋಡಿದೆ. ಕಾರಿಡಾರ್ ಬಂತು. ಬಿಳಿ ಕೋಟಿನವಳು ಬರಲೇ ಇಲ್ಲ. ಕೂದಲು ಬಾಚದೆ, ಸಾಕ್ಸ್ ಹಾಕಿಕೊಂಡು, ಫ್ರಿಜ್ ಬಾಗಿಲು ತೆರೆದು ನಿಂತವಳು ಬಂದಳು. ಅವಳನ್ನೇ ನೋಡುತ್ತಾ ಕೂತೆ. ಕತ್ತಲಾಗುವವರೆಗೆ.

ಮಾರ್ಚ್ 24. ಭಾನುವಾರ. ಬೆಳಗ್ಗೆ 10:15

ಡಾಗ್‌ವುಡ್ ಮರ ಬಿಳಿಯಾಗಿ ಅರಳಿದೆ. ಎಲ್ಲೆಲ್ಲೂ ಹಳದಿ ಪರಾಗ, ಈ ಪುಟದ ಮೇಲೂ. ಇದನ್ನು ಬರೆಯುತ್ತಿದ್ದಾಗ ನಿಧಿ ಡೆಕ್‌ಗೆ ಬಂದಳು.

"ಮಿಸ್ ಕಾರ್ಟರ್ ಹೇಳಿದ್ರು. ಯೂ ರೋಟ್ ಟೂ ಪೇಜಸ್. ಅವ್ರಿಗೆ ಅಳು ಬಂತಂತೆ."

"ಸುಮ್ನೆ ಹೇಳಿರ್ತಾರೆ," ಎಂದೆ. ಹಾಳು ಬಾಯಿ.

"ಅಪ್ಪ. ನೀನು ಅವ್ರಿಗೆ ಹೇಳ್ದೆ. ಕಾಲೇಜ್‌ಗೆ ಹೇಳ್ದೆ. ನಂಗೆ ಹೇಳಿಲ್ಲ."

ಈಗ ಕುರ್ಚಿ ಎಳೆದುಕೊಂಡು ಎದುರಿಗೇ ಕೂತಿದ್ದಾಳೆ. ನಾನು ತಲೆ ತಗ್ಗಿಸಿ ಬರೆಯುವ ನಾಟಕ ಆಡುತ್ತಿದ್ದೇನೆ. ಅದು ಅವಳಿಗೂ ಗೊತ್ತು. ಕನ್ನಡ ಓದಲು ಬಾರದವಳಿಗೆ ಇದನ್ನು ತೋರಿಸಿ ಪಾರಾಗುವಂತಿಲ್ಲ. ಬಾಯಿ ಬಿಟ್ಟೇ ಹೇಳಬೇಕು. ಇಂಗ್ಲಿಷ್ ಬೇಡ, ಅದು ಕಾಲೇಜಿಗೆ ಹೇಳಿದ ಭಾಷೆ. ಪೆನ್ನು ಕೆಳಗಿಡಬೇಕು. ನಿಧಿ, ನೀನು